ಹೆಸರಿಗೆ ನೆಟ್ಟ ಕಲ್ಲು

ಮುಂಗಾರಿನ ಮೊದಲ ಹದಮಳೆ ಬಿದ್ದ ರಾತ್ರಿ ದೊಡ್ಡಬಳ್ಳಾಪುರದ ಕಡೆಯ ಯಾವುದಾದರೊಂದು ಹೊಲದ ಬದುವಿನ ಮೇಲೆ ನಿಂತು ಕಿವಿಗೊಟ್ಟು ಕೇಳಿ. ನಿನ್ನೆಯವರೆಗೆ ಸದ್ದಿಲ್ಲದೆ ಬಿದ್ದಿದ್ದ ನೆಲವೇ ಬಾಯಿ ಬಿಟ್ಟಂತೆ ಕಪ್ಪೆಗಳು ಕೂಗುತ್ತಿರುತ್ತವೆ. ಇಷ್ಟೊಂದು ಕಪ್ಪೆಗಳು ಒಂದೇ ರಾತ್ರಿಯಲ್ಲಿ ಎಲ್ಲಿಂದ ಬಂದವು? ಮಳೆಯ ಜೊತೆಗೆ ಮೇಲಿನಿಂದ ಉದುರಿದವೆಂದು ಹೇಳುವವರೂ ಉಂಟು. ನಿಜವಾಗಿ ಅವು ಬಂದದ್ದು ಮೇಲಿನಿಂದಲ್ಲ, ಕೆಳಗಿನಿಂದ. ಈ ಬಿಲಗಪ್ಪೆಗಳ ಹಿಂಗಾಲಿನ ಅಡಿಯಲ್ಲಿ ಗುದ್ದಲಿಯ ಬಾಯಿಯಂಥ ಗಟ್ಟಿಯಾದ ಗಂಟೊಂದಿದೆ. ಅದರಿಂದ ಮಣ್ಣನ್ನು ತೋಡುತ್ತ ಅವು ಹಿಂದುಹಿಂದಾಗಿಯೇ ನೆಲದೊಳಕ್ಕೆ ಇಳಿಯುತ್ತವೆ; ಬೇಸಗೆಯನ್ನೆಲ್ಲ ಒಳಗೆ ಕಳೆದು, ಮಳೆ ಬಂದಾಗ ಮೇಲೆ ಬಂದು, ನಿಂತ ನೀರಿನಲ್ಲಿ ಮೊಟ್ಟೆಯಿಟ್ಟು ಸಂಸಾರ ಮುಗಿಸಿ ಮತ್ತೆ ಮರೆಯಾಗುತ್ತವೆ.

ಬೆಂಗಳೂರಿನಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ದಾರಿಯಲ್ಲಿ ರಾಜಾನುಕುಂಟೆ ಸಿಗುತ್ತದೆ. ಆ ಕಡೆಯ ಬಯಲಿನಲ್ಲಿ ಸಿಕ್ಕಿದ ಇಂಥದೊಂದು ಕಪ್ಪೆಗೆ 2020ರಲ್ಲಿ ನಮ್ಮ ಊರಿನ ಹೆಸರೇ ಬಂತು: ಸ್ಫೀರೋಥೀಕಾ ಬೆಂಗಳೂರು. ಬೆಂಗಳೂರಿನ ಕಾಲೇಜೊಂದರ ಪಿ. ದೀಪಕ್, ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ಕೆ. ಪಿ. ದಿನೇಶ್, ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಶಂಕರ್, ಪ್ಯಾರಿಸ್ಸಿನ ಆನ್‌ಮರಿ ಓಹ್ಲರ್ ಮೊದಲಾದವರು ಕೂಡಿ ಮಾಡಿದ ಕೆಲಸ ಅದು. ಅಜ್ಜ ಮುತ್ತಜ್ಜಂದಿರ ಕಾಲದಿಂದ ನಮ್ಮ ಹೊಲದಲ್ಲೇ ಕೂಗುತ್ತಿದ್ದ ಪ್ರಾಣಿ 2020ರಲ್ಲಿ 'ಹೊಸದು' ಆದದ್ದು ಹೇಗೆ? ಇದು ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಬೇಕಾದರೆ ವಸ್ತುಸಂಗ್ರಹಾಲಯದ ಕಪಾಟಿನಲ್ಲಿರುವ ಒಂದು ಸೀಸೆಯ ಕಡೆಗೆ ನೋಡಬೇಕು.

ವಿಜ್ಞಾನದಲ್ಲಿ ಒಂದು ಪ್ರಾಣಿಗೆ ಹೆಸರಿಡುವುದೆಂದರೆ ಕೇವಲ ಒಂದು ಪದವನ್ನು ಆರಿಸಿಕೊಳ್ಳುವುದಲ್ಲ. ಹೆಸರಿಟ್ಟವರು, 'ಈ ಹೆಸರು ಇದಕ್ಕೆ ಸೇರಿದ್ದು' ಎಂದು ಒಂದೇ ಒಂದು ಮಾದರಿಯನ್ನು ಬೊಟ್ಟುಮಾಡಿ ತೋರಿಸಿ, ಅದನ್ನು ಸಾರ್ವಜನಿಕ ಸಂಗ್ರಹದಲ್ಲಿ ಇಡುತ್ತಾರೆ. ಇದನ್ನು ಮೂಲಮಾದರಿ ಎನ್ನೋಣ. ವಿಜ್ಞಾನಿಗಳು ಹೋಲೋಟೈಪ್ ಎನ್ನುತ್ತಾರೆ. ಜೊತೆಗಿಟ್ಟ ಉಳಿದ ಮಾದರಿಗಳು ಪ್ಯಾರಾಟೈಪುಗಳು. ಹಿಂದೆ ಈ ಕಟ್ಟುಪಾಡು ಇಷ್ಟು ಬಿಗಿಯಾಗಿರಲಿಲ್ಲ. ಸಸ್ಯಗಳ ವಿಷಯದಲ್ಲಿ 1958ರಿಂದ ಮೂಲಮಾದರಿಯನ್ನು ಹೆಸರಿಸದಿದ್ದರೆ ಹೊಸ ಹೆಸರು ಸಿಂಧುವಲ್ಲ. ಪ್ರಾಣಿಗಳಿಗೆ 2000ದಿಂದ ಈ ನಿಯಮ ಕಡ್ಡಾಯವಾಯಿತು.

ಹಳ್ಳಿಯ ನಂಟು ಉಳ್ಳವರಿಗೆ ಇದನ್ನು ತಿಳಿಸುವುದು ಸುಲಭ. ಹೊಲದ ಮೂಲೆಯಲ್ಲಿ ಸರ್ವೆ ಕಲ್ಲು ನೆಟ್ಟಿರುತ್ತಾರಲ್ಲ? ಆ ಕಲ್ಲು ಹೊಲದ ಮಣ್ಣು ಕಪ್ಪೋ ಕೆಂಪೋ ಹೇಳುವುದಿಲ್ಲ. ಬೆಳೆ ಎಷ್ಟು ಬಂತೆಂದೂ ಹೇಳುವುದಿಲ್ಲ. ಆದರೆ ಅಣ್ಣತಮ್ಮಂದಿರಲ್ಲಿ ತಕರಾರು ಬಂದಾಗ ಸರಪಳಿ ಹಿಡಿಯುವುದು ಅಲ್ಲಿಂದಲೇ. ಮೂಲಮಾದರಿಯೂ ಹಾಗೆಯೇ. ಅದು ತನ್ನ ಪ್ರಭೇದದಲ್ಲಿ ಅತ್ಯಂತ ಚೆಂದದ್ದಾಗಿರಬೇಕಿಲ್ಲ, ಸರಾಸರಿಯದೂ ಆಗಿರಬೇಕಿಲ್ಲ. ಒಂದು ಪ್ರಭೇದದ ಎಲ್ಲೆ ಎಲ್ಲಿಯವರೆಗೆ ಎಂಬ ವಿದ್ವಾಂಸರ ಅಭಿಪ್ರಾಯ ಕಾಲಕಾಲಕ್ಕೆ ಹಿಗ್ಗಬಹುದು, ಕುಗ್ಗಬಹುದು. ಹೆಸರು ಮಾತ್ರ ಆ ಒಂದು ಮಾದರಿಯನ್ನು ಬಿಟ್ಟು ಕದಲುವುದಿಲ್ಲ.

ನಮ್ಮ ಕಡೆಯದೇ ಒಂದು ವ್ಯಾಜ್ಯವನ್ನು ನೋಡೋಣ. ಮದರಾಸಿನ ಅರಣ್ಯಾಧಿಕಾರಿಯಾಗಿದ್ದ ಬೆಡ್ಡೋಮ್ 1870ರಲ್ಲಿ ಸೇಲಂ ಬಳಿಯ ಶೇರ್ವರಾಯನ್ ಬೆಟ್ಟದ ಒಂದು ಸಣ್ಣ ಹಲ್ಲಿಯನ್ನು ವರ್ಣಿಸಿ, ಕಿತ್ತಳೆ ಬಣ್ಣವನ್ನು ಸೂಚಿಸುವ 'ಔರಾಂಟಿಯಾಕಸ್' ಎಂಬ ಹೆಸರಿಟ್ಟ. ಅವನ ಮಾದರಿಗಳು ಲಂಡನ್ನಿಗೆ ಹೋದವು. ಬೆಂಗಳೂರಿನಲ್ಲಿ ಸಿಕ್ಕಿದ ಅಂಥದೇ ಹಲ್ಲಿಯನ್ನೂ ಬಹುಕಾಲ ಅದೇ ಹೆಸರಿನಿಂದ ಕರೆದರು. ಈಚೆಗೆ ಅಂಗಾಂಗಗಳ ಅಳತೆಯನ್ನೂ ಜೀನುಗಳನ್ನೂ ಹೋಲಿಸಿ ನೋಡಿದಾಗ ಇವೆರಡೂ ಬೇರೆ ಬೇರೆ ಎಂದು ತಿಳಿಯಿತು. ಹಾಗಾದರೆ ಹಳೆಯ ಹೆಸರು ಯಾರಿಗೆ? ವಾದಕ್ಕೆ ಎಡೆಯೇ ಇಲ್ಲ. ಬೆಡ್ಡೋಮನ ಮಾದರಿ ಶೇರ್ವರಾಯನ್ ಬೆಟ್ಟದ್ದು, ಹೆಸರು ಅಲ್ಲಿಯದೇ. ಬೆಂಗಳೂರಿನ ಹಲ್ಲಿ ಹೆಸರಿಲ್ಲದೆ ಉಳಿಯಿತು. ಅದಕ್ಕೆ 2019ರಲ್ಲಿ ಹೆಮಿಫಿಲ್ಲೊಡ್ಯಾಕ್ಟಿಲಸ್ ಜ್ಞಾನ ಎಂದು ನಾಮಕರಣವಾಯಿತು. ಅದರ ಮೂಲಮಾದರಿ ಸಿಕ್ಕಿದ್ದು ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಆವರಣದಲ್ಲಿ. ವಿದ್ಯೆಯ ಅಂಗಳದಲ್ಲೇ ಓಡಾಡುತ್ತಿದ್ದುದಕ್ಕೆ ಒಪ್ಪುವ ಹೆಸರು!

ಬಿಲಗಪ್ಪೆಯ ಕಥೆಯೂ ಇಂಥದೇ. 1799ರಲ್ಲಿ ಷ್ನೈಡರ್ ಎಂಬ ಜರ್ಮನ್ ವಿದ್ವಾಂಸ ಕೊಟ್ಟ 'ಬ್ರೆವಿಸೆಪ್ಸ್' ಎಂಬ ಹೆಸರಿನಡಿಯಲ್ಲಿ ದೇಶದ ನಾನಾ ಕಡೆಯ ಬಿಲಗಪ್ಪೆಗಳನ್ನು ಒಟ್ಟಾಗಿ ಸೇರಿಸಿಬಿಟ್ಟಿದ್ದರು. ಒಂದೊಂದನ್ನೇ ಬಿಡಿಸಿ ನೋಡುತ್ತ ಬಂದಂತೆ ಬೇರೆ ಬೇರೆ ಪ್ರಭೇದಗಳು ಹೊರಬಿದ್ದವು. 2024ರಲ್ಲಿ ಬೆಂಗಳೂರಿನ ಹೊರವಲಯದಿಂದಲೇ ಇನ್ನೊಂದು ಬಂತು. ಅದಕ್ಕಿಟ್ಟ ಹೆಸರು ವರ್ಷಾಭೂ. ಅಮರಕೋಶ ಓದಿದವರಿಗೆ ಇದು ಹೊಸ ಮಾತಲ್ಲ. ಕಪ್ಪೆಗೆ ಅಲ್ಲಿ ಹೇಳಿರುವ ಪರ್ಯಾಯಪದಗಳಲ್ಲಿ ಇದೂ ಒಂದು.

ಮಾದರಿಯನ್ನು ಕಾಪಿಡುವುದೂ ಒಂದು ಹದವೇ. ಜೀನುಗಳ ಪರೀಕ್ಷೆಗೆಂದು ಮೊದಲು ಸ್ವಲ್ಪ ಮಾಂಸವನ್ನು ಬೇರೆಯಾಗಿ ಮದ್ಯಸಾರದಲ್ಲಿ ಇಡುತ್ತಾರೆ. ಆಮೇಲೆ ದೇಹವನ್ನು ಫಾರ್ಮಲಿನ್ನಿನಲ್ಲಿ ಗಟ್ಟಿಗೊಳಿಸಿ, ಮದ್ಯಸಾರದ ಸೀಸೆಗೆ ಹಾಕುತ್ತಾರೆ. ಗಿಡವಾದರೆ ಹಳೆಯ ವೃತ್ತಪತ್ರಿಕೆಗಳ ನಡುವೆ ಒತ್ತಿ, ಒಣಗಿಸಿ, ದಪ್ಪ ಹಾಳೆಗೆ ಅಂಟಿಸುತ್ತಾರೆ. ಎಲ್ಲಕ್ಕಿಂತ ಮುಖ್ಯವಾದುದು ಚೀಟಿ: ಯಾವ ಊರು, ಯಾವ ದಿನ, ಹಿಡಿದವರು ಯಾರು, ಕ್ರಮಸಂಖ್ಯೆ ಎಷ್ಟು. ಚೀಟಿ ಕಳೆದ ಮಾದರಿ ವಿಳಾಸವಿಲ್ಲದ ಕಾಗದದಂತೆ. ನಮ್ಮ ದೇಶದ 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ, ಹೊಸ ಪ್ರಭೇದವನ್ನು ಕಂಡುಹಿಡಿದವರು ಅದರ ಮಾದರಿಯನ್ನು ಸರ್ಕಾರ ಗೊತ್ತುಮಾಡಿದ ಭಂಡಾರಕ್ಕೆ ಒಪ್ಪಿಸಲೇಬೇಕು. ಬೆಂಗಳೂರಿನ ಸಂತ ಜೋಸೆಫರ ಕಾಲೇಜಿನಲ್ಲಿ ಸೆಸಿಲ್ ಸಲ್ಡಾನ್ಹಾ ಅವರು ಕಟ್ಟಿದ ಒಣಸಸ್ಯಗಳ ಭಂಡಾರ ಈಗ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಇಂದಿಗೂ ಅದರ ಸಂಕೇತಾಕ್ಷರಗಳಲ್ಲಿ ಆ ಕಾಲೇಜಿನ ಹೆಸರೇ ಉಳಿದಿದೆ.

ಇಂಥ ಭಂಡಾರ ಸುಟ್ಟುಹೋದರೆ? ಅದೂ ಆಗಿದೆ. ಟಿಪ್ಪುವಿನ ಪತನದ ತರುವಾಯ ಲಾಲ್‌ಬಾಗಿನ ಮೇಲ್ವಿಚಾರಣೆ ನೋಡಿಕೊಂಡ ಬೆಂಜಮಿನ್ ಹೈನ್ ಎಂಬ ವೈದ್ಯ ಮೈಸೂರು ಸೀಮೆಯಲ್ಲೂ ದಕ್ಷಿಣದ ಇತರ ಕಡೆಗಳಲ್ಲೂ ಗಿಡಗಳನ್ನು ಕೂಡಿಹಾಕಿದ. ಅವುಗಳಲ್ಲಿ ಹಲವನ್ನು ಜರ್ಮನಿಯ ರೋತ್ 1821ರಲ್ಲಿ ಹೊಸ ಹೆಸರುಗಳೊಡನೆ ಪ್ರಕಟಿಸಿದ. ರೋತ್‌ನ ಹಾಳೆಗಳು ಬರ್ಲಿನ್ನಿನ ಭಂಡಾರ ಸೇರಿದ್ದವು. 1943ರ ಮಾರ್ಚ್ ತಿಂಗಳ ಮೊದಲಲ್ಲಿ ವಿಮಾನದಾಳಿಯ ಬೆಂಕಿ ಆ ಕಟ್ಟಡವನ್ನು ನುಂಗಿತು. ಹೈನನ ಗಿಡಗಳ ಜೊತೆ ಪ್ರಪಂಚದ ಲಕ್ಷಾಂತರ ಹಾಳೆಗಳು ಒಂದೇ ರಾತ್ರಿಯಲ್ಲಿ ಬೂದಿಯಾದವು. ಪುಣ್ಯಕ್ಕೆ ಹೈನನ ಸಂಗ್ರಹದ ಜೋಡಿ ಪ್ರತಿಗಳು ಕೆಲವು ಲಂಡನ್ನಿನ ಕಡೆ ಉಳಿದಿದ್ದವು. ಮೂಲದ ಜೊತೆಗಾರ ಉಳಿದಿದ್ದರೆ ಅದನ್ನೇ ಆರಿಸಿ ಹೆಸರಿಗೆ ಆಧಾರವೆನ್ನುತ್ತಾರೆ. ಏನೂ ಉಳಿಯದಿದ್ದರೆ ಹೊಸದೊಂದನ್ನು ಗೊತ್ತುಮಾಡುತ್ತಾರೆ. ಕಿತ್ತುಹೋದ ಕಲ್ಲನ್ನು ದಾಖಲೆ ನೋಡಿ ಮತ್ತೆ ನೆಟ್ಟಂತೆ ಇದು. ನೆಟ್ಟರೂ ಮೊದಲಿನ ನಿಶ್ಚಯ ಬಾರದು.

ಒಂದು ಹೆಸರಿಗಾಗಿ ಬಡಪ್ರಾಣಿಯನ್ನು ಕೊಲ್ಲಬೇಕೆ ಎಂದು ಮನೆಯ ಮಕ್ಕಳು ಕೇಳಿದರೆ ಆ ಪ್ರಶ್ನೆಯನ್ನು ತಳ್ಳಿಹಾಕಬಾರದು. ವಿಜ್ಞಾನಿಗಳೂ ಇದನ್ನು ತಮ್ಮೊಳಗೆ ಕೇಳಿಕೊಳ್ಳುತ್ತಲೇ ಇದ್ದಾರೆ. ಆದಷ್ಟು ಕಡಿಮೆ ಮಾದರಿಗಳಲ್ಲಿ ಕೆಲಸ ಮುಗಿಸುವುದು ಒಳ್ಳೆಯವರ ಪದ್ಧತಿ. ಆದರೆ ಹೆಸರಿಲ್ಲದ ಪ್ರಾಣಿ ಯಾವ ಲೆಕ್ಕದಲ್ಲೂ ಇರುವುದಿಲ್ಲ. ಅದು ಅಳಿದರೆ ಅಳಿಯಿತೆಂದು ಹೇಳುವವರೂ ಇರುವುದಿಲ್ಲ.

ದೇವನಹಳ್ಳಿಯಲ್ಲಿ 2008ರಲ್ಲಿ ವಿಮಾನನಿಲ್ದಾಣ ತೆರೆದ ಮೇಲೆ ಆ ಸೀಮೆಯ ನೆಲದ ರೂಪವೇ ಬದಲಾಗಿದೆ. ರಾಗಿ ಹೊಲಗಳು ನಿವೇಶನಗಳಾಗಿವೆ, ದಾರಿಗಳು ಅಗಲವಾಗಿವೆ. ಮನೆಗಳು ಬೇಡವೆಂದು ಯಾರೂ ಹೇಳಲಾರರು. ಆದರೆ ಬಿಲಗಪ್ಪೆಗೆ ಬೇಕಾದುದು ಬಹಳವಲ್ಲ: ಕಾಲಿಗೆ ಬಗ್ಗುವ ಮಣ್ಣು, ಮಳೆ ನಿಲ್ಲುವ ಒಂದು ತಗ್ಗು. ಕಾಂಕ್ರೀಟಿನಲ್ಲಿ ಅದರ ಗುದ್ದಲಿ ಓಡದು. ಕೆರೆಯಂಚಿನ ಬೀಳು, ಗೋಮಾಳ, ಗುಂಡುತೋಪು ಇವುಗಳಲ್ಲಿ ಒಂದಿಷ್ಟನ್ನು ಇದ್ದಂತೆಯೇ ಬಿಟ್ಟರೆ ಅದಕ್ಕೆ ಸಾಕು.

ಸೀಸೆಯೊಳಗಿನ ಕಪ್ಪೆ ನೂರಾರು ವರ್ಷ ಉಳಿಯಬಲ್ಲದು; ಅದರ ಚೀಟಿಯಲ್ಲಿ ನಮ್ಮ ಕಡೆಯ ಊರಿನ ಹೆಸರೂ ಉಳಿಯುತ್ತದೆ. ಮುಂದೆ ಯಾರಾದರೂ ಚೀಟಿಯನ್ನು ಓದಿಕೊಂಡು ಆ ಊರಿಗೆ ಬಂದಾಗ, ಮೊದಲ ಮಳೆಯ ರಾತ್ರಿ ಅಲ್ಲಿ ಕೂಗು ಕೇಳಿಸಬೇಕು. ಹೊಲವೇ ಇಲ್ಲದ ಮೇಲೆ ಸರ್ವೆ ಕಲ್ಲು ಇದ್ದು ಪ್ರಯೋಜನವೇನು?