ಝಡ್ ಡ್ರೈವ್‌ನಲ್ಲಿ ಅಳಿಸಿದ್ದು ಎಲ್ಲಿಗೆ ಹೋಗುತ್ತೆ?

ಕಳೆದ ಸೆಮಿಸ್ಟರ್‌ನ ಒಂದು ಮಧ್ಯಾಹ್ನ ನಮ್ಮ ಪ್ರಾಜೆಕ್ಟ್ ತಂಡದ ನಾಲ್ಕೂ ಜನ ಲ್ಯಾಬಿನಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ವಿ. ಮರುದಿನ ರಿವ್ಯೂ. ಝಡ್ ಡ್ರೈವ್‌ನಲ್ಲಿ ಜಾಗ ಮಾಡೋಣ ಅಂತ ಹಳೇ ಫೋಲ್ಡರ್ ಒಂದನ್ನು ಅಳಿಸಿದ್ವಿ. ರಿಪೋರ್ಟ್ ಅದರೊಳಗೇ ಇತ್ತು! ರೀಸೈಕಲ್ ಬಿನ್ ತೆರೆದು ನೋಡಿದರೆ ಖಾಲಿ. ತಪ್ಪು ಪೂರ್ತಿ ನಮ್ಮದೇ. ಆದರೆ ಯಾಕೆ ಹಾಗಾಯ್ತು ಅಂತ ತಿಳಿದಿದ್ದರೆ ಆ ರಾತ್ರಿ ನಿದ್ದೆಯಾದರೂ ಉಳೀತಿತ್ತು.

ಝಡ್ ಅನ್ನೋದು ನಿಮ್ಮ ಮುಂದಿರುವ ಕಂಪ್ಯೂಟರಿನ ಡಿಸ್ಕ್ ಅಲ್ಲ. ಸರ್ವರ್ ರೂಮಿನಲ್ಲಿರುವ ಡಿಸ್ಕಿನ ಒಂದು ಫೋಲ್ಡರಿಗೆ ವಿಂಡೋಸ್ ಅಂಟಿಸಿದ ಅಕ್ಷರ, ಅಷ್ಟೇ. ತಿಪಟೂರು ಸೀಮೆಯವರಿಗೆ ಹೇಳೋದು ಸುಲಭ: ಉಂಡೆ ಕೊಬ್ಬರಿಗೆ ಅಂತ ಕಾಯಿ ತುಂಬುವ ಅಟ್ಟ ಇದೆಯಲ್ಲ, ಅಣ್ಣತಮ್ಮಂದಿರಿಗೆಲ್ಲ ಸೇರಿ ಒಂದೇ ಅಟ್ಟ ಇದ್ದಂಗೆ ಇದು. ಯಾರು ಹತ್ತಬಹುದು, ಯಾರು ನೋಡಿ ಬರಬಹುದು ಮಾತ್ರ ಅನ್ನೋದನ್ನ ಸರ್ವರ್ ತೀರ್ಮಾನಿಸುತ್ತೆ. ಏಣಿಯ ಹೆಸರು ಎಸ್‌ಎಂಬಿ, ಅದು ಬಳಸುವ ಪೋರ್ಟ್ 445.

ರೀಸೈಕಲ್ ಬಿನ್ ಅಂದರೆ ನಿಮ್ಮ ಕಂಪ್ಯೂಟರಿನ ಡಿಸ್ಕಿನಲ್ಲೇ ಅಡಗಿರುವ ಒಂದು ಫೋಲ್ಡರ್. ಡೆಸ್ಕ್‌ಟಾಪಿನ ಫೈಲ್ ಅಳಿಸಿದರೆ ವಿಂಡೋಸ್ ಅದನ್ನು ಅಲ್ಲಿಗೆ ಸರಿಸುತ್ತೆ. ಝಡ್‌ನಲ್ಲಿ ಅಳಿಸಿದರೆ ಸರ್ವರಿಗೆ ‘ತೆಗೆದುಬಿಡು’ ಅಂತ ಆದೇಶ ಹೋಗುತ್ತೆ, ಅದು ತೆಗೆದುಬಿಡುತ್ತೆ. ‘ಶಾಶ್ವತವಾಗಿ ಅಳಿಸಲೇ?’ ಅಂತ ಒಮ್ಮೆ ಕೇಳಿರುತ್ತೆ. ನಾವು ಓದದೆ ಎಂಟರ್ ಒತ್ತಿರ್ತೀವಿ. ಒಂದೇ ಆಸೆ: ಮೇಲಿನ ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ ‘ಪ್ರೀವಿಯಸ್ ವರ್ಷನ್ಸ್’ ನೋಡಿ. ಸರ್ವರಿನಲ್ಲಿ ಆ ವ್ಯವಸ್ಥೆ ಇಟ್ಟಿದ್ದರೆ ಹಳೇ ಪ್ರತಿ ಸಿಗುತ್ತೆ. ನಮಗೆ ಸಿಗಲಿಲ್ಲ. ಒಬ್ಬನ ಲ್ಯಾಪ್‌ಟಾಪಲ್ಲಿದ್ದ ವಾರದ ಹಿಂದಿನ ಪ್ರತಿ ಹಿಡಿದು ಬೆಳಗಿನವರೆಗೆ ಟೈಪ್ ಮಾಡಿದ್ವಿ.

ಸೇರಿಸಿಕೊಳ್ಳೋದು ಕಷ್ಟವಿಲ್ಲ. ‘ದಿಸ್ ಪಿಸಿ’ಯಲ್ಲಿ ‘ಮ್ಯಾಪ್ ನೆಟ್‌ವರ್ಕ್ ಡ್ರೈವ್’ ಒತ್ತಿ, ಎರಡು ಹಿಂಬಾಗಿದ ಗೆರೆ ಹಾಕಿ ಸರ್ವರಿನ ಹೆಸರು, ಮತ್ತೊಂದು ಗೆರೆ, ಫೋಲ್ಡರ್ ಹೆಸರು. ಉಬುಂಟುವಿನಲ್ಲಿ ಗೆರೆ ಮುಂದಕ್ಕೆ ಬಾಗಬೇಕು, ಮೊದಲಿಗೆ ಎಸ್‌ಎಂಬಿ ಮತ್ತು ಕೋಲನ್ ಇರಬೇಕು. ಹಳೇ ಡಬ್ಬಾ ಸರ್ವರ್ ಕಾಣದಿದ್ದರೆ ‘ಎಸ್‌ಎಂಬಿ 1 ಆನ್ ಮಾಡಿ’ ಅಂತ ವಿಡಿಯೋಗಳು ಹೇಳ್ತವೆ. ಮಾಡ್ಬೇಡಿ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಜಗತ್ತಿನಾದ್ಯಂತ ಕಂಪ್ಯೂಟರಿಂದ ಕಂಪ್ಯೂಟರಿಗೆ ಹಬ್ಬಿದ್ದು ಅದೇ ಕಿಂಡಿಯಿಂದ.

ತುರುವೇಕೆರೆ, ಚಿಕ್ಕನಾಯಕನಹಳ್ಳಿಯಿಂದ ದಿನಾ ಬಸ್ಸಲ್ಲಿ ಬರುವವರು ಇದನ್ನ ಗಮನಿಸಿ: ಮನೆಯಿಂದ ಝಡ್ ತೆರೆಯಲ್ಲ. ಸರ್ವರಿನ ವಿಳಾಸ 10 ಅಥವಾ 192.168ರಿಂದ ಶುರುವಾಗಿದ್ದರೆ ಅದು ಕ್ಯಾಂಪಸ್ಸಿನೊಳಗಿನ ವಿಳಾಸ, ಹೊರಗಿನ ಇಂಟರ್ನೆಟ್ಟಿಗೆ ಅದರ ದಾರಿ ಗೊತ್ತಿಲ್ಲ. ಕಾಲೇಜು ವಿಪಿಎನ್ ಕೊಟ್ಟರೆ ಮಾತ್ರ ಸಾಧ್ಯ. ಹಾಗಾಗಿ ಬಸ್ಸಿಗೆ ಓಡುವ ಮೊದಲೇ ಪ್ರತಿ ಮಾಡಿಕೊಳ್ಳಿ. ಲ್ಯಾಬಿನ ತಂತಿ 100 ಎಂಬಿಪಿಎಸ್‌ದಾದರೆ ಸೆಕೆಂಡಿಗೆ ಹೆಚ್ಚೆಂದರೆ 12.5 ಎಂಬಿ; 4 ಜಿಬಿ ಫೈಲಿಗೆ ಐದು ನಿಮಿಷಕ್ಕಿಂತ ಜಾಸ್ತಿ ಬೇಕು. ಸಾವಿರಾರು ಚಿಕ್ಕ ಫೈಲುಗಳಾದರೆ ಇನ್ನೂ ನಿಧಾನ. ಒಂದೊಂದು ಫೈಲಿಗೂ ಸರ್ವರ್ ಜೊತೆ ಹಲವು ಸಲ ಮಾತುಕತೆ ಆಗಬೇಕಲ್ಲ. ಕಳಿಸುವ ಮುಂಚೆ ಜಿಪ್ ಮಾಡಿದರೆ ಒಂದೇ ಫೈಲ್ ಆಗುತ್ತೆ.

ಇನ್ನು ‘ಪಾಸ್‌ವರ್ಡ್ ನೆನಪಿಟ್ಟುಕೊ’ ಅನ್ನುವ ಗುರುತು. ಲ್ಯಾಬಿನಲ್ಲಿ ಎಲ್ಲರೂ ಒಂದೇ ವಿಂಡೋಸ್ ಲಾಗಿನ್ ಬಳಸ್ತಿದ್ದರೆ, ಅದನ್ನು ಹಾಕಿ ಎದ್ದು ಹೋದಿರೋ, ಮುಂದಿನ ಬ್ಯಾಚಿನವರು ಕೂತಾಗ ತೆರೆಯೋದು ನಿಮ್ಮ ಫೋಲ್ಡರ್. ಅವರಿಗೂ ಜಾಗ ಬೇಕಾಗಿರುತ್ತೆ, ಅವರೂ ಎಂಟರ್ ಒತ್ತುತ್ತಾರೆ.