ಒಡಕು ಮುಚ್ಚಿಡದ ರಿಪೇರಿ

ಜಪಾನಿನವರು ಒಡೆದ ಪಿಂಗಾಣಿ ಬಟ್ಟಲಿಗೆ ಕರಗಿದ ಚಿನ್ನ ಸುರಿದು ಅಂಟಿಸುತ್ತಾರೆ ಎಂಬ ನಂಬಿಕೆ ನಮ್ಮಲ್ಲಿ ಹಬ್ಬಿದೆ. ‘ಕಿಂತ್ಸುಗಿ’ ಎಂಬ ಈ ದುರಸ್ತಿಯ ಹೊಳೆಯುವ ಗೆರೆ ಕಂಡವರಿಗೆ ಹಾಗನ್ನಿಸುವುದು ಸಹಜ. ಆದರೆ ಚೂರುಗಳನ್ನು ಹಿಡಿದಿಡುವುದು ಉರುಶಿ ಮರದ ಸೊನೆ. ಅದಕ್ಕೆ ಗೋಧಿ ಹಿಟ್ಟು ಕಲಸಿ ಅಂಟು ಮಾಡುತ್ತಾರೆ. ಚಿನ್ನದ ಪುಡಿಯನ್ನು ಉದುರಿಸುವುದು ಕೊನೆಯಲ್ಲಿ, ಮೇಲ್ಪದರಕ್ಕೆ ಮಾತ್ರ. ಈ ಸೊನೆ ಗಟ್ಟಿಯಾಗಲು ಬಿಸಿಲಲ್ಲ, ತೇವದ ಗಾಳಿ ಬೇಕು. ಹಾಗಾಗಿ ಒಂದು ಬಟ್ಟಲಿಗೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ಉರುಶಿ ನಮ್ಮ ಮಾವು, ಗೇರುಗಳ ಕುಟುಂಬದ್ದು. ಗೇರಿನ ಸೊನೆ ತಾಗಿ ಚರ್ಮ ಸುಟ್ಟುಕೊಂಡವರಿಗೆ ಹಸಿ ಉರುಶಿಯನ್ನು ಬರಿಗೈಯಲ್ಲಿ ಏಕೆ ಮುಟ್ಟಬಾರದೆಂದು ಹೇಳಿಕೊಡಬೇಕಿಲ್ಲ.

ಇನ್ನೊಂದು ನಂಬಿಕೆ: ದುರಸ್ತಿಯನ್ನು ಕಾಣುವಂತೆ ಬಿಡುವುದು ಜಪಾನಿಗಷ್ಟೇ ಸೇರಿದ್ದು, ಭಿನ್ನವಾದದ್ದನ್ನು ನೀರಿಗೆ ಬಿಡುವುದೇ ನಮ್ಮ ರೂಢಿ. ಪೂಜೆಯ ವಿಗ್ರಹದ ಮಟ್ಟಿಗೆ ಈ ಮಾತು ಸರಿ, ಕಟ್ಟಡದ ಮಟ್ಟಿಗೆ ಅಲ್ಲ.

ಇದಕ್ಕೆ ಬೇಲೂರನ್ನೇ ನೋಡಿ. ಅಲ್ಲಿನ ಚೆನ್ನಕೇಶವ ದೇವಾಲಯ 1117ರಲ್ಲಿ ಹೊಯ್ಸಳ ದೊರೆ ವಿಷ್ಣುವರ್ಧನ ಕಟ್ಟಿಸಿದಂತೆಯೇ ಇಂದಿಗೂ ನಿಂತಿದೆ ಎಂದು ಬಹಳ ಜನ ತಿಳಿದಿದ್ದಾರೆ. ಅದು ನಿಜವಲ್ಲ. ತೆರೆದಿದ್ದ ಮಂಟಪಕ್ಕೆ ಜಾಲಂಧ್ರಗಳು ಬಂದದ್ದು ಎರಡನೆಯ ಬಲ್ಲಾಳನ ಕಾಲದಲ್ಲಿ. ವಿಜಯನಗರದ ಆಳ್ವಿಕೆಯಲ್ಲಿ, 1381ರಲ್ಲಿ, ಕಣಶಿಲೆಯ ನಾಲ್ಕು ಕಂಬಗಳು ಸೇರಿದವು. 1387ರಲ್ಲಿ ಹೊಸ ಕಳಶ ಏರಿತು. ಹಾಳಾಗಿದ್ದ ಮಹಾದ್ವಾರದ ಮೇಲೆ ಎರಡನೆಯ ಹರಿಹರನ ದಂಡನಾಯಕ ಗುಂಡ 1397ರಲ್ಲಿ ಏಳು ನೆಲೆಯ ಗೋಪುರ ಎಬ್ಬಿಸಿದ. ಆ ಗೋಪುರದ ಇಟ್ಟಿಗೆ ಗಾರೆಯಾಗಲಿ, ಕಂಬಗಳ ಕಣಶಿಲೆಯಾಗಲಿ ಹೊಯ್ಸಳರ ಬಳಪದ ಕಲ್ಲಿನ ನಡುವೆ ಅಡಗಿ ಕೂರುವಂಥವಲ್ಲ. ಕಿಂತ್ಸುಗಿಯಲ್ಲಿರುವಂತೆ ಬಿರುಕನ್ನು ಅಲಂಕರಿಸುವ ಉದ್ದೇಶ ಇಲ್ಲಿಲ್ಲ, ಕಟ್ಟಡ ನಿಲ್ಲಬೇಕೆಂಬ ಕಾಳಜಿ ಇದೆ. ಆದರೂ ಯಾವುದು ಮೂಲ, ಯಾವುದು ಸೇರಿಸಿದ್ದು ಎಂಬುದು ಎರಡರಲ್ಲೂ ಕಣ್ಣಿಗೆ ಬೀಳುತ್ತದೆ.

ಹೊಯ್ಸಳರದೇ ಆದ ಹಳೇಬೀಡಿನ ದೇವಾಲಯದಲ್ಲಿ ಶಿಲ್ಪಗಳ ಮುರಿದ ಕೈ, ಮೂಗುಗಳನ್ನು ಅಸಡ್ಡೆಯಿಂದ ಹಾಗೇ ಬಿಟ್ಟಿದ್ದಾರೆ ಎಂಬ ದೂರೂ ಕೇಳಿಬರುತ್ತದೆ. ಅದು ಅಸಡ್ಡೆಯಲ್ಲ, ನಿಯಮ. ಪುರಾತತ್ವ ಸರ್ವೇಕ್ಷಣದ ಮಹಾನಿರ್ದೇಶಕರಾಗಿದ್ದ ಜಾನ್ ಮಾರ್ಷಲ್ 1923ರ ಸಂರಕ್ಷಣಾ ಕೈಪಿಡಿಯಲ್ಲೇ, ಸವೆದ ಮೂಲ ಕೆತ್ತನೆಯ ಬೆಲೆ ನುಣುಪಾದ ಹೊಸ ಕೆತ್ತನೆಗಿಂತ ಬಹಳ ದೊಡ್ಡದೆಂದು ಸ್ಪಷ್ಟಪಡಿಸಿದ್ದರು. ಹೊಸದಾಗಿ ಸೇರಿಸಿದ ಭಾಗ ಒಟ್ಟಂದಕ್ಕೆ ಹೊಂದಬೇಕು, ಆದರೆ ಮೂಲದಿಂದ ಬೇರೆಯಾಗಿ ಗುರುತು ಸಿಗಬೇಕು ಎಂದು 1964ರ ವೆನಿಸ್ ಸನ್ನದು ಹೇಳಿತು.

ನಿಮ್ಮೂರಿನ ಹಳೆಯ ಕಲ್ಲಿನ ಗುಡಿಯ ಜೀರ್ಣೋದ್ಧಾರದ ಮಾತು ಬಂದರೆ, ಶಿಲ್ಪಗಳಿಗೆ ಎನಾಮಲ್ ಬಣ್ಣ ಬಳಿಯಲು, ಗೋಡೆಗೆ ಟೈಲ್ಸ್ ಅಂಟಿಸಲು ಒಪ್ಪಬೇಡಿ. ಕೆಲಸ ಶುರುವಾಗುವ ಮುನ್ನ ಪುರಾತತ್ವ ಇಲಾಖೆಯವರನ್ನು ಕರೆಸಿ.