ಹಾವಿನ ಮೊಟ್ಟೆಗೆ ಎಷ್ಟು ನೀರು?

ಭರಣಿ ಮಳೆ ಬಿದ್ದು ಹುಣಸೂರು, ಪಿರಿಯಾಪಟ್ಟಣದ ಕೆಂಪು ಹೊಲಗಳಲ್ಲಿ ತಂಬಾಕು ನಾಟಿಗೆ ಉಳುಮೆ ಶುರುವಾಗುವ ಹೊತ್ತಿಗೆ ನಾಗರಹಾವು ಮೊಟ್ಟೆಯಿಡುವ ಕಾಲವೂ ಬಂದಿರುತ್ತದೆ. ಬದು ಒಡೆಯುವಾಗ, ತಂಬಾಕು ಹದಮಾಡುವ ಬ್ಯಾರನ್ ಪಕ್ಕದ ಸೌದೆ ರಾಶಿ ಎತ್ತುವಾಗ, ಮನೆ ಪಾಯಕ್ಕೆ ಜೆಸಿಬಿ ಮಣ್ಣು ಬಗೆಯುವಾಗ ಒಂದಕ್ಕೊಂದು ಅಂಟಿಕೊಂಡ ಹತ್ತಿಪ್ಪತ್ತು ಬಿಳಿ ಮೊಟ್ಟೆಗಳು ಹೊರಬೀಳುತ್ತವೆ. ಉರಗರಕ್ಷಕರು ಅವನ್ನು ಡಬ್ಬಿಯಲ್ಲಿಟ್ಟು ಮರಿ ಮಾಡಿಸಿ ಕಾಡಿಗೆ ಬಿಟ್ಟ ಸುದ್ದಿಯನ್ನು ಪತ್ರಿಕೆಗಳಲ್ಲಿ ನೋಡುತ್ತೇವೆ. ಮರಿಯಾಗದೆ ಕೆಟ್ಟ ಮೊಟ್ಟೆಗಳು ಸುದ್ದಿಯಾಗುವುದಿಲ್ಲ. ಅವು ಕೆಡುವುದಕ್ಕೆ ಶಾಖದಷ್ಟೇ ನೀರೂ ಕಾರಣ.

ಕೋಳಿಮೊಟ್ಟೆ ನೋಡಿ ಹಾವಿನ ಮೊಟ್ಟೆಯನ್ನು ಅಳೆಯುವಂತಿಲ್ಲ. ಕೋಳಿ ತನ್ನ ಮರಿಗೆ ಬೇಕಾದ ನೀರನ್ನೆಲ್ಲ ಸುಣ್ಣದ ಚಿಪ್ಪಿನೊಳಗೆ ತುಂಬಿಯೇ ಕಳಿಸುತ್ತದೆ. ಕಾವಿನ 21 ದಿನಗಳಲ್ಲಿ ಆ ಮೊಟ್ಟೆ ನೀರು ಕಳೆದುಕೊಂಡು ಶೇಕಡ 12ರ ಆಸುಪಾಸು ಹಗುರಾಗುತ್ತದೆ. ಹಾವಿನ ಮೊಟ್ಟೆಗೆ ಅಂಥ ಗಟ್ಟಿ ಚಿಪ್ಪಿಲ್ಲ. ಇರುವುದು ಬೆರಳಿಟ್ಟರೆ ಬಳುಕುವ, ತೊಗಲಿನಂಥ ಹೊದಿಕೆ. ಅದು ಸುತ್ತಲಿನ ಮಣ್ಣಿನಿಂದ ನೀರು ಕುಡಿಯುತ್ತದೆ, ಒಣ ಗಾಳಿಗೆ ಅಷ್ಟೇ ಸಲೀಸಾಗಿ ನೀರು ಬಿಟ್ಟುಕೊಡುತ್ತದೆ. ಹದ ಸಿಕ್ಕರೆ ಮರಿಯಾಗುವ ಹೊತ್ತಿಗೆ ಮೊಟ್ಟೆಯ ತೂಕ ಕಾಲುಭಾಗ ಹೆಚ್ಚಿರುವುದೂ ಉಂಟು. ನಮ್ಮ ಮನೆಯ ಹಲ್ಲಿ ಸರೀಸೃಪವಾದರೂ ಕೋಳಿಯ ಪಕ್ಷ. ಅದರ ಮೊಟ್ಟೆಗೆ ಗಟ್ಟಿ ಚಿಪ್ಪಿರುವುದರಿಂದಲೇ ಕಿಟಕಿಯ ಒಣ ಸಂದಿಯಲ್ಲೂ ಮರಿಯಾಗುತ್ತದೆ.

ಹಾಗಾದರೆ ನೀರು ಹೆಚ್ಚಿದಷ್ಟೂ ಒಳ್ಳೆಯದಲ್ಲವೇ? ಅಲ್ಲ. ಹೊದಿಕೆಯ ಸೂಕ್ಷ್ಮ ರಂಧ್ರಗಳಲ್ಲಿ ನೀರು ಒಳಗೆ ಹೋಗುವಂತೆ ಗಾಳಿಯೂ ಹೋಗಬೇಕು. ಆಮ್ಲಜನಕ ಗಾಳಿಯಲ್ಲಿ ಹರಡುವ ವೇಗಕ್ಕೆ ಹೋಲಿಸಿದರೆ ನೀರಿನಲ್ಲಿ ಹರಡುವ ವೇಗ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ. ಮೊಟ್ಟೆಯ ಮೇಲೆ ನೀರಿನ ತೆಳು ಪೊರೆ ಕೂತರೆ ಸಾಕು, ಒಳಗಿನ ಭ್ರೂಣಕ್ಕೆ ಉಸಿರು ಕಟ್ಟುತ್ತದೆ. ಕೊನೆಯ ವಾರಗಳಲ್ಲಂತೂ ಮರಿ ದೊಡ್ಡದಾಗಿ ಆಮ್ಲಜನಕದ ಬೇಡಿಕೆ ಏರಿರುತ್ತದೆ. ಎರಡು ತಿಂಗಳು ಸರಿಯಾಗಿದ್ದ ಮೊಟ್ಟೆ ಒಡೆಯುವ ಮುನ್ನ ಸತ್ತಿತೆಂದರೆ ಇದನ್ನೂ ಶಂಕಿಸಬೇಕು.

ಮಣ್ಣಿನಲ್ಲಿ ನೀರು ಎಷ್ಟಿದೆ ಎನ್ನುವುದಕ್ಕಿಂತ ಮಣ್ಣು ಅದನ್ನು ಎಷ್ಟು ಬಿಗಿಯಾಗಿ ಹಿಡಿದಿದೆ ಎನ್ನುವುದು ಮುಖ್ಯ. ಹುಣಸೂರಿನ ಮರಳುಮಿಶ್ರಿತ ಕೆಂಪು ಮಣ್ಣಿಗೂ ಎಚ್.ಡಿ. ಕೋಟೆಯ ಹತ್ತಿ ಬೆಳೆಯುವ ಎರೆ ಮಣ್ಣಿಗೂ ತೂಕದಲ್ಲಿ ಅಷ್ಟಷ್ಟೇ ನೀರು ಬೆರೆಸಿ ನೋಡಿ. ಕೆಂಪು ಮಣ್ಣು ಒದ್ದೆ ಅನಿಸುತ್ತದೆ, ಎರೆ ಮಣ್ಣು ಒಣಗಿದಂತೆಯೇ ಇರುತ್ತದೆ. ಜೇಡಿಯ ಕಣಗಳು ನೀರನ್ನು ಕಚ್ಚಿ ಹಿಡಿಯುತ್ತವೆ, ಮೊಟ್ಟೆಗೆ ಬಿಡುವುದಿಲ್ಲ. ಅಮೆರಿಕದ ಗುಟ್ಜ್‌ಕೆ ಮತ್ತು ಪ್ಯಾಕರ್ಡ್ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬುಲ್‌ಸ್ನೇಕ್ ಎಂಬ ಹಾವಿನ ಮೊಟ್ಟೆಗಳನ್ನು ಬೇರೆ ಬೇರೆ ತೇವದಲ್ಲಿ, ಶಾಖದಲ್ಲಿಟ್ಟು ನೋಡಿದ್ದರು. ಒದ್ದೆ ಹಾಸಿನ ಮೊಟ್ಟೆಗಳಲ್ಲಿ ಭ್ರೂಣ ಮೊಟ್ಟೆಯ ಹಳದಿ ಭಂಡಾರವನ್ನು ಚೆನ್ನಾಗಿ ಬಳಸಿಕೊಂಡು ದೊಡ್ಡದಾಗಿ ಬೆಳೆಯಿತು. ಬದುಕುವುದಷ್ಟೇ ಅಲ್ಲ, ಮರಿಯ ಗಾತ್ರವೂ ತೇವದ ಮೇಲೆ ನಿಂತಿದೆ.

ತಾಯಿಹಾವುಗಳಿಗೆ ಈ ಲೆಕ್ಕ ಯಾರೂ ಹೇಳಿಕೊಡಬೇಕಿಲ್ಲ. ನಾಗರಹಾವು ಇಲಿಬಿಲವನ್ನೋ ಹುತ್ತವನ್ನೋ ಆರಿಸುತ್ತದೆ. ಹುತ್ತದ ಒಳಗಿನ ಗಾಳಿಯನ್ನು ಗೆದ್ದಲುಗಳು ಸದಾ ತೇವವಾಗಿಟ್ಟಿರುತ್ತವೆ, ಆದರೆ ಅಲ್ಲಿ ನೀರು ನಿಲ್ಲುವುದಿಲ್ಲ. ರೋಹಿಣಿ, ಮೃಗಶಿರ ಮಳೆಗಳನ್ನು ಮೊಟ್ಟೆಗಳು ಅಲ್ಲೇ ಕಳೆಯುತ್ತವೆ. ನಾವು ನಾಗರಪಂಚಮಿಗೆ ಹಾಲು ಹಿಡಿದು ಹೋಗುವ ಹೊತ್ತಿಗೆ ಮರಿಗಳು ಸಾಮಾನ್ಯವಾಗಿ ಜಾಗ ಖಾಲಿ ಮಾಡಿರುತ್ತವೆ, ಅದೂ ಒಳ್ಳೆಯದೇ. ಕೆ.ಆರ್. ನಗರದಂಥ ಗದ್ದೆ ಬಯಲಿನ ನೀರುಹಾವು ನೀರಲ್ಲೇ ಬದುಕಿದರೂ ಮೊಟ್ಟೆಯಿಡಲು ಬಿಲ ಹುಡುಕಿಕೊಂಡು ಬದು ಹತ್ತುತ್ತದೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟುವ ಮಳೆಯ ಆಗುಂಬೆಯಲ್ಲಿ ಕಾಳಿಂಗ ಸರ್ಪ ತರಗೆಲೆ ಗುಡ್ಡೆಹಾಕಿ ಗೂಡು ಕಟ್ಟುತ್ತದೆ. ಒತ್ತಾಗಿ ಕೂತ ಎಲೆಗಳ ಮೇಲೆ ಮಳೆ ಜಾರಿ ಹೋಗುತ್ತದೆ, ಒಳಗಿನ ಮೊಟ್ಟೆಗಳು ತೊಯ್ಯುವುದಿಲ್ಲ.

ಹೆಬ್ಬಾವಿನದು ಇನ್ನೂ ಸೊಗಸು. ನಾಗರಹೊಳೆ, ಕಬಿನಿ ಕಡೆಯ ಕಾಡುಗಳಲ್ಲಿರುವ ಈ ಹಾವು ಮೊಟ್ಟೆಗಳ ಸುತ್ತ ಸುರುಳಿ ಸುತ್ತಿ, ಸ್ನಾಯು ಅದುರಿಸಿ ಶಾಖ ಹುಟ್ಟಿಸುತ್ತದೆ. ಇದರ ಬರ್ಮಾ ಸಂಬಂಧಿಯನ್ನು ನ್ಯೂಯಾರ್ಕ್ ಮೃಗಾಲಯದಲ್ಲಿ ಅಳೆದು ನೋಡಿದ ವರದಿ 1966ರಲ್ಲೇ ಬಂತು. ಸುರುಳಿ ಕೇವಲ ಶಾಖಕ್ಕಲ್ಲ ಎಂದು ತಿಳಿದದ್ದು ತಡವಾಗಿ. ಆಸ್ಟ್ರೇಲಿಯಾದ ಪುಟ್ಟ ಹೆಬ್ಬಾವೊಂದರ ಮೇಲಿನ 2007ರ ಅಧ್ಯಯನದಲ್ಲಿ, ತಾಯಿಯ ಬಿಗಿ ಸುರುಳಿ ಮೊಟ್ಟೆಯ ನೀರು ಆರದಂತೆ ತಡೆಯುತ್ತದೆ ಎಂದು ಕಂಡಿತು. ಬಿಗಿದರೆ ನೀರು ಉಳಿಯುತ್ತದೆ, ಗಾಳಿ ಕಟ್ಟುತ್ತದೆ. ಆದ್ದರಿಂದ ತಾಯಿ ಆಗಾಗ ಸುರುಳಿ ಸಡಿಲಿಸಿ ಮತ್ತೆ ಬಿಗಿಯುತ್ತದೆ. ಕೊಳಕುಮಂಡಲ ಮತ್ತು ಮಣ್ಣುಮುಕ್ಕ ಹಾವು ಈ ತಾಪತ್ರಯವೇ ಬೇಡವೆಂದು ಹೊಟ್ಟೆಯಲ್ಲೇ ಬೆಳೆಸಿ ಮರಿ ಹಾಕುತ್ತವೆ.

ಡಬ್ಬಿಯಲ್ಲಿ ಮರಿ ಮಾಡಿಸುವವರು ತಾಯಿಯ ಕೆಲಸವನ್ನು ತೂಕದ ಲೆಕ್ಕದಲ್ಲಿ ಮಾಡುತ್ತಾರೆ. ವಿದೇಶಿ ಹಾವು ಸಾಕುವವರಲ್ಲಿ ವರ್ಮಿಕ್ಯುಲೈಟ್ ಎಂಬ ಅರಳಿಸಿದ ಖನಿಜ ಪ್ರಚಲಿತ. 200 ಗ್ರಾಂಗೆ 200 ಗ್ರಾಂ ನೀರು, ಅಥವಾ ತುಸು ಕಡಿಮೆ. ನಮ್ಮ ಕಡೆ ಕೈಗೆ ಸಿಗುವುದು ತಂಬಾಕು ಸಸಿಯ ಟ್ರೇಗಳಿಗೆ ತುಂಬುವ ತೆಂಗಿನ ನಾರಿನ ಪುಡಿ. ಅದು ವಿಪರೀತ ನೀರು ಹೀರುವುದರಿಂದ ಅದೇ ಅಳತೆ ನಡೆಯುವುದಿಲ್ಲ, ಮುಷ್ಟಿಯೇ ತಕ್ಕಡಿ. ಬಿತ್ತನೆಗೆ ಮಣ್ಣಿನ ಹದ ನೋಡುವಂತೆ ಹಿಡಿದು ಹಿಂಡಬೇಕು. ಉಂಡೆ ನಿಲ್ಲಬೇಕು, ಬೆರಳ ಸಂದಿಯಲ್ಲಿ ಹನಿ ಇಳಿಯಬಾರದು. ವಾರಕ್ಕೊಮ್ಮೆ ಡಬ್ಬಿಯನ್ನು ಮೊಟ್ಟೆ ಸಮೇತ ತೂಗಿದರೆ ಎಷ್ಟು ನೀರು ಆರಿದೆಯೋ ತಿಳಿಯುತ್ತದೆ. ಅಷ್ಟನ್ನೇ ಅಂಚಿನಲ್ಲಿ ಹಾಕಬೇಕು, ಮೊಟ್ಟೆಯ ಮೇಲಲ್ಲ. ಮುಚ್ಚಳದಿಂದ ಹನಿ ತೊಟ್ಟಿಕ್ಕುತ್ತಿದ್ದರೆ ಮುಚ್ಚಳ ಓರೆ ಮಾಡಬೇಕು. ಮೊದಲ ವಾರಗಳಲ್ಲೇ ಮೊಟ್ಟೆ ಕುಳಿ ಬಿದ್ದರೆ ಹಾಸು ಒಣಗಿದೆ ಎಂದು ಅರ್ಥ. ಕೊನೆಯ ದಿನಗಳಲ್ಲಿ ಕುಳಿ ಬಿದ್ದರೆ ಗಾಬರಿ ಬೇಡ, ಮರಿ ಹೊರಡಲು ಸಿದ್ಧವಾಗುತ್ತಿದೆ. ಅದನ್ನೇ ಬಾಯಾರಿಕೆ ಎಂದು ತಿಳಿದು ನೀರು ಚಿಮುಕಿಸುವುದು ದೊಡ್ಡ ತಪ್ಪು.

ಇಷ್ಟು ಓದಿ ಯಾರೂ ಮನೆಯಲ್ಲಿ ಡಬ್ಬಿ ಇಡಲು ಹೋಗಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಹಾವಿನ ಮೊಟ್ಟೆ ಹಾಳು ಮಾಡುವುದಿರಲಿ, ಗೂಡು ಕದಡಿದರೂ ಅದು ಬೇಟೆಯೇ. ವಿದೇಶಿ ಹಾವು ಸಾಕುವವರೂ ಅದು ಕಾಯ್ದೆಯ ನಾಲ್ಕನೇ ಅನುಸೂಚಿಯಲ್ಲಿದ್ದರೆ 2024ರ ನಿಯಮಗಳಂತೆ ನೋಂದಾಯಿಸಬೇಕು.

ಹೊಲದಲ್ಲಿ ಮೊಟ್ಟೆ ಕಂಡರೆ ಆ ಮಣ್ಣನ್ನೇ ಮೇಲೆ ಎಳೆದು ಮುಚ್ಚಿ, ಕೆಲಸವನ್ನು ಅತ್ತ ಸರಿಸಿ. ನಾಗರಹಾವಿನ ತಾಯಿ ಹತ್ತಿರದಲ್ಲೇ ಇರಬಹುದು, ಬಿಲಕ್ಕೆ ಕೈ ಹಾಕಬೇಡಿ. ಆಗಲೇ ಅಗೆದು ಹೊರಬಿದ್ದಿದ್ದರೆ ಅಂಟಿದ್ದನ್ನು ಬಿಡಿಸಬೇಡಿ, ಮಗುಚಬೇಡಿ. ಭ್ರೂಣ ಹೊದಿಕೆಯ ಒಳಮೈಗೆ ಅಂಟಿರುತ್ತದೆ, ತಿರುವಿದರೆ ಸಾಯಬಹುದು. ನೆರಳು ಮಾಡಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಅವರು ಬರುವವರೆಗೆ ದಯವಿಟ್ಟು ನೀರು ಮಾತ್ರ ಹಾಕಬೇಡಿ.